ಇ-ಮೇಲ್‌ನಲ್ಲಿ ಕನ್ನಡ ಕಡತ: ಕೆಡುವುದು ಎಲ್ಲಿ?

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿ ಇ-ಮೇಲ್‌ನಲ್ಲಿ ಬಂದ ‘ಕಲ್ಲೂರು’ ಎಂಬ ಊರಿನ ಹೆಸರನ್ನು ರಾಯಚೂರಿನಲ್ಲಿ ಮೊಬೈಲಿನಲ್ಲಿ ತೆರೆದರೆ, ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟಿರುವ ಎ, ‘ಲ’ ಇದ್ದಲ್ಲಿ ವೃತ್ತದೊಳಗಿನ ಆರ್ ಕಾಣುತ್ತವೆ. ಮೇಲ್ ಹೋಗುವ ದಾರಿಯಲ್ಲಿ ಕಡತ ಕೆಟ್ಟಿತು ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದ. ಆದರೆ ಲಗತ್ತಿಸಿದ ಕಡತ ಒಂದು ಬೈಟೂ ಬದಲಾಗದೆ ತಲುಪಿರುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಈ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ವರ್ಡ್ ಕಡತ ಸಾಮಾನ್ಯವಾಗಿ ಒಯ್ಯುವುದು ಫಾಂಟಿನ ಹೆಸರನ್ನು ಮಾತ್ರ. ಆ ಫಾಂಟು ಇಲ್ಲದ ಕಡೆ ಅಡಿಯಲ್ಲಿದ್ದ ಚಿಹ್ನೆಗಳೇ ಮೇಲೆ ಬರುತ್ತವೆ.

ಅಕ್ಷರವನ್ನೆಲ್ಲ ಆಯ್ದು ಫಾಂಟನ್ನು ಯೂನಿಕೋಡ್ ಫಾಂಟಾದ ‘ತುಂಗಾ’ ಎಂದು ಬದಲಿಸಿದರೆ ಯೂನಿಕೋಡ್ ಆಗುತ್ತದೆ ಎಂಬುದೂ ತಪ್ಪು. ಬದಲಾಗಬೇಕಾದದ್ದು ಒಳಗಿನ ಸಂಕೇತ. ಅದಕ್ಕೆ ಪರಿವರ್ತಕ ತಂತ್ರಾಂಶವೇ ಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಲಯವಿದೆ. ಅಲ್ಲಿ ‘ಕಲ್ಲೂರು’ ಏಳು ಸಂಕೇತಗಳ ಸಾಲು: ಕ, ಲ, ಹಲಂತ ಚಿಹ್ನೆ (್), ಲ, ಊಕಾರ, ರ, ಉಕಾರ. ಯುಟಿಎಫ್-8ರಲ್ಲಿ ಒಂದಕ್ಕೆ ಮೂರರಂತೆ 21 ಬೈಟು. ಒತ್ತಕ್ಷರವನ್ನು ಆಯಾ ಯಂತ್ರದ ಫಾಂಟು ತಾನೇ ಮೂಡಿಸುತ್ತದೆ. ಹೆಸರು ಮಾತ್ರ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಕಲ್ಲೂರಾಗಿಯೇ ಉಳಿಯುತ್ತದೆ. ಊರಿನ ಹೆಸರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ ಇದು.

ಹಾಗೆಂದು ಯೂನಿಕೋಡು ಪುಟದ ವಿನ್ಯಾಸವನ್ನು ಕಾಯುವುದಿಲ್ಲ. ಫಾಂಟು ಬೇರೆಯಾದರೆ ಅಕ್ಷರದ ಅಗಲ ಬದಲಾಗಿ ಸಾಲು ಮುರಿಯುತ್ತದೆ, ಸಹಿಯ ಜಾಗ ಮುಂದಿನ ಪುಟಕ್ಕೆ ಜಾರುತ್ತದೆ. ವಿನ್ಯಾಸ ಉಳಿಯಬೇಕಾದರೆ ಪಿಡಿಎಫ್ ಬೇಕು. 1993ರಲ್ಲಿ ಅಡೋಬಿ ಹೊರತಂದ, 2008ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಈ ಬಗೆಯ ಕಡತದೊಳಗೆ ಫಾಂಟನ್ನೇ ಅಡಕ ಮಾಡಬಹುದು.

ಪಿಡಿಎಫ್ ಆದರೆ ಎಲ್ಲವೂ ಸರಿ ಎಂಬುದು ಅರ್ಧ ಸತ್ಯ. ಹಳೆಯ ನುಡಿ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಚೆಂದ. ಅದರಲ್ಲಿ ‘ಮಾನ್ವಿ’ ಎಂದು ಹುಡುಕಿದರೆ ಸಿಗುವುದಿಲ್ಲ, ನಕಲಿಸಿದರೆ ಮತ್ತೆ ಅದೇ ಪಿ, ಎ, ಆರ್. ಆದ್ದರಿಂದ ಮೊದಲು ಯೂನಿಕೋಡಿಗೆ ಪರಿವರ್ತನೆ, ಆಮೇಲೆ ಪಿಡಿಎಫ್. ಪರಿವರ್ತಿತ ಪಠ್ಯದಲ್ಲಿ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡಬೇಕು. ಸ್ವೀಕರಿಸುವವರು ತಿದ್ದಬೇಕಿದ್ದರೆ ವರ್ಡ್ ಕಡತವನ್ನೂ ಜೊತೆಗೆ ಲಗತ್ತಿಸಬೇಕು.

ಕಡತದ ಪಠ್ಯವನ್ನು ಇ-ಮೇಲ್‌ನೊಳಗೇ ಅಂಟಿಸುವುದು ಬೇರೆ ಸಂಗತಿ. ದಪ್ಪಕ್ಷರ, ಕೋಷ್ಟಕ ಉಳಿಯುವುದು ಮೇಲ್ ಎಚ್‌ಟಿಎಂಎಲ್ ರೂಪದಲ್ಲಿದ್ದಾಗ ಮಾತ್ರ. ಸರಳ ಪಠ್ಯದ ರೂಪದಲ್ಲಿ ಅಕ್ಷರಗಳಷ್ಟೇ ಹೋಗುತ್ತವೆ.