ಕಣ್ಣಿಗೂ ಅಳತೆ ಕೊಡಬೇಕು

ಕನ್ನಡಕದ ಚೀಟಿಯಲ್ಲಿ ಮೈನಸ್ ಆರು ಎಂದಿದೆ, ಕಾಂಟ್ಯಾಕ್ಟ್ ಲೆನ್ಸಿಗೂ ಅದೇ ನಂಬರ್ ಕೊಟ್ಟರಾಯಿತು ಎಂದುಕೊಂಡು ಮೊಬೈಲಿನಲ್ಲೇ ಆರ್ಡರ್ ಮಾಡುವವರು ನಮ್ಮ ನಡುವೆ ಬಹಳ ಮಂದಿ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ನಿಲ್ಲುತ್ತದೆ. ಲೆನ್ಸ್ ಕೂರುವುದು ಕಣ್ಣಿನ ಮೇಲೆಯೇ. ಆ ಅಂತರ ಹೋದಾಗ ಮೈನಸ್ ಆರು ಐದೂವರೆಯ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಣ್ಣಿನ ಉಬ್ಬು ಎಷ್ಟು, ಕಣ್ಣೀರು ಸಾಕಷ್ಟಿದೆಯೇ, ರೆಪ್ಪೆಯ ಒಳಗೆ ಅಲರ್ಜಿ ಇದೆಯೇ ಎಂಬುದನ್ನು ಆ ಚೀಟಿ ಹೇಳುವುದೇ ಇಲ್ಲ. ಸೀರೆಯನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು, ರವಿಕೆಗೆ ಮಾತ್ರ ಅಳತೆ ಕೊಡಲೇಬೇಕು. ಲೆನ್ಸ್ ರವಿಕೆಯ ಜಾತಿಗೆ ಸೇರಿದ್ದು.

ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಕೊಟ್ಟಿಗೆಪಾಳ್ಯದ ಕಡೆಯವರಿಗೆ ಈ ಅಳತೆಗೆ ದೂರ ಹೋಗಬೇಕಾಗಿಲ್ಲ. ಮಾಗಡಿ ರಸ್ತೆ ಹಿಡಿದು ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟಿದರೆ ಕಾರ್ಡ್ ರಸ್ತೆ ಸಿಗುತ್ತದೆ. ಅಲ್ಲಿ ರಾಜಾಜಿನಗರದ ನಾರಾಯಣ ನೇತ್ರಾಲಯವಿದೆ. ಡಾ. ಕೆ. ಭುಜಂಗ ಶೆಟ್ಟಿ ಕಟ್ಟಿ ಬೆಳೆಸಿದ ಸಂಸ್ಥೆ ಇದು. ಅವರು 2023ರ ಮೇ ತಿಂಗಳಲ್ಲಿ ತೀರಿಕೊಂಡರು. ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ 1994ರಿಂದ ಇರುವುದೂ ಇಲ್ಲಿಯೇ. ಲೆನ್ಸ್ ಕೂರಿಸುವ ಆಪ್ಟೊಮೆಟ್ರಿಸ್ಟರು ಬಸವೇಶ್ವರನಗರ, ವಿಜಯನಗರದ ಕಣ್ಣಿನ ಕ್ಲಿನಿಕ್‌ಗಳಲ್ಲೂ ಸಿಗುತ್ತಾರೆ. ಮದುವೆ ಗೊತ್ತಾದ ಹೆಣ್ಣುಮಕ್ಕಳು, ಭರತನಾಟ್ಯ ಕಲಿಯುವವರು, ಹೆಲ್ಮೆಟ್ಟಿನೊಳಗೆ ಕನ್ನಡಕ ತೂರಿಸಿ ಬೇಸತ್ತ ಡೆಲಿವರಿ ಹುಡುಗರು, ಹೀಗೆ ಎಲ್ಲ ಬಗೆಯವರೂ ಲೆನ್ಸ್ ಬೇಕೆಂದು ಬರುತ್ತಾರೆ.

ಒಳ್ಳೆಯ ಆಪ್ಟೊಮೆಟ್ರಿಸ್ಟ್ ಲೆನ್ಸಿನ ಡಬ್ಬಿ ತೆರೆಯುವ ಮೊದಲು ಮಾತಾಡಿಸುತ್ತಾರೆ. ಕೆಲಸ ಏನು, ಎಸಿಯಲ್ಲಿ ಎಷ್ಟು ಹೊತ್ತು, ದಿನಾ ಹಾಕುತ್ತೀರೋ ಸಮಾರಂಭಕ್ಕೆ ಮಾತ್ರವೋ, ಕಣ್ಣು ತುರಿಸುತ್ತದೆಯೇ? ಉತ್ತರದ ಮೇಲೆ ಆಯ್ಕೆ ಬದಲಾಗುತ್ತದೆ. ಅಪರೂಪಕ್ಕೆ ಹಾಕುವವರಿಗೆ, ಅಲರ್ಜಿ ಇರುವವರಿಗೆ ದಿನಕ್ಕೊಂದು ಹಾಕಿ ಎಸೆಯುವ ಲೆನ್ಸೇ ಕ್ಷೇಮ. ಪೀಣ್ಯದಲ್ಲಿ ಗ್ರೈಂಡಿಂಗ್ ಮಾಡುವವರಿಗೆ ಲೆನ್ಸ್ ಇದ್ದರೂ ರಕ್ಷಣೆಯ ಗಾಗಲ್ಸ್ ತಪ್ಪುವುದಿಲ್ಲ.

ಆಮೇಲೆ ಸ್ಲಿಟ್ ಲ್ಯಾಂಪಿನ ಮುಂದೆ ಗದ್ದ ಊರಿಸಿ ಕೂರಿಸುತ್ತಾರೆ, ರೆಪ್ಪೆ ಮಗುಚಿ ನೋಡುತ್ತಾರೆ, ಕೆರಟೋಮೀಟರಿನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು ಅಳೆಯುತ್ತಾರೆ. ಬಹುತೇಕರಲ್ಲಿ ಅದರ ತ್ರಿಜ್ಯ 7.8 ಮಿಲಿಮೀಟರಿನ ಆಚೀಚೆ ಇರುತ್ತದೆ. ಸಾಫ್ಟ್ ಲೆನ್ಸಿನ ಡಬ್ಬಿಯ ಮೇಲೆ 8.4, 8.6 ಎಂದು ಕಾಣುವುದು ಲೆನ್ಸಿನ ಒಳಬಾಗು, 14ರ ಹತ್ತಿರದ ಅಂಕಿ ಅದರ ಅಗಲ. ಪವರ್ ಒಂದೇ ಇದ್ದರೂ ಈ ಎರಡು ಅಂಕಿ ಬೇರೆಯಾದರೆ ಅದು ಬೇರೆಯೇ ಲೆನ್ಸ್.

ಟ್ರಯಲ್ ಲೆನ್ಸ್ ಹಾಕಿ ಹತ್ತು ಹದಿನೈದು ನಿಮಿಷ ಕಾಯಿಸುತ್ತಾರೆ. ನಿಜವಾದ ಪರೀಕ್ಷೆ ಆಗ ಶುರು. ಕಣ್ಣು ಮಿಟುಕಿಸಿದಾಗ ಲೆನ್ಸ್ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ಜರುಗಿ ಮತ್ತೆ ಜಾಗಕ್ಕೆ ಬರಬೇಕು. ಕೆಳರೆಪ್ಪೆಯಿಂದ ಬೆರಳಲ್ಲಿ ಮೆಲ್ಲಗೆ ಮೇಲೆ ತಳ್ಳಿದರೆ ಸಲೀಸಾಗಿ ಸರಿದು ಇಳಿಯಬೇಕು. ಜರುಗದೆ ಕಚ್ಚಿ ಕೂತರೆ ಬಿಗಿ ಎಂದರ್ಥ. ಮೊದಲ ದಿನ ಹಾಯೆನಿಸಿದರೂ ಸಂಜೆಗೆ ಕಣ್ಣು ಕೆಂಪಾಗುತ್ತದೆ, ಬಿಳಿಗುಡ್ಡೆಯ ಮೇಲೆ ಬಳೆಯಂತೆ ಗುರುತು ಬೀಳುತ್ತದೆ. ಸಡಿಲವಾದರೆ ಮಿಟುಕಿಸಿದಾಗೆಲ್ಲ ಅಕ್ಷರ ಮಸುಕಾಗುತ್ತದೆ. ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಲೆನ್ಸ್ ಬೇಕು. ಅದು ಕಣ್ಣಿನಲ್ಲಿ ತಿರುಗದೆ ನಿಲ್ಲುತ್ತಿದೆಯೇ ಎಂದು ಅದರ ಮೇಲಿನ ಸಣ್ಣ ಗೆರೆ ನೋಡಿ ತಿಳಿಯುತ್ತಾರೆ.

ಈ ವಿದ್ಯೆಗೆ ನೂರಮೂವತ್ತು ವರ್ಷ ದಾಟಿದೆ. 1888ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್ ಗಾಜಿನ ಲೆನ್ಸಿನ ಪ್ರಯೋಗವನ್ನು ಪ್ರಕಟಿಸಿದ. ಬಿಳಿಗುಡ್ಡೆಯನ್ನೂ ಮುಚ್ಚುವ ಆ ಭಾರವನ್ನು ಹೆಚ್ಚು ಹೊತ್ತು ತಾಳುವಂತಿರಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ಜೆಕ್ ರಸಾಯನ ವಿಜ್ಞಾನಿ ಓಟೊ ವಿಖ್ಟರ್ಲೆ ಮಕ್ಕಳ ಆಟದ ಕಬ್ಬಿಣದ ಪಟ್ಟಿಗಳಿಂದ ಮನೆಯಲ್ಲೇ ಯಂತ್ರ ಜೋಡಿಸಿ, ನೀರು ಹೀರುವ ಮೆದು ಲೆನ್ಸ್ ತಯಾರಿಸಿದರು. ಇಂದಿನ ಸಾಫ್ಟ್ ಲೆನ್ಸಿನ ವಂಶ ಅಲ್ಲಿಂದ ಬಂದದ್ದು.

ಕನ್ನಡಕ ಬೇಡವೆಂದು ಲೆನ್ಸ್ ಹಾಕುವವರಿಗೆ ಇದು ಅನುಕೂಲದ ಮಾತು. ಕನ್ನಡಕ ಹಾಕಿದರೂ ಕಾಣದವರ ಪಾಲಿಗೆ ಬದುಕಿನ ಮಾತು. ಕೆರಟೋಕೋನಸ್ ಎಂಬ ತೊಂದರೆಯಲ್ಲಿ ಕಾರ್ನಿಯಾ ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಅಲರ್ಜಿಯಿಂದ ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸ ಅದಕ್ಕೆ ಇಂಬು ಕೊಡುತ್ತದೆ. ಪದೇ ಪದೇ ನಂಬರ್ ಬದಲಾಗುವುದು, ಒಂದೇ ದೀಪಕ್ಕೆ ನಾಲ್ಕಾರು ನೆರಳು ಕಾಣುವುದು ಇದರ ಸೂಚನೆ. ಬೆಳೆಯುತ್ತಿರುವ ಹಂತದಲ್ಲಿ ಕಾರ್ನಿಯಾವನ್ನು ಗಟ್ಟಿಗೊಳಿಸುವ ಸಿ3ಆರ್ ಚಿಕಿತ್ಸೆಯಿಂದ ಅದನ್ನು ತಡೆಯಬಹುದು, ಆದರೆ ಸ್ಪಷ್ಟ ನೋಟಕ್ಕೆ ವಿಶೇಷ ಲೆನ್ಸ್ ಬೇಕಾಗುತ್ತದೆ.

ಅಂಥವರಿಗೆ ಗಟ್ಟಿಯಾದ, ಆಮ್ಲಜನಕ ಹಾಯುವ ಆರ್‌ಜಿಪಿ ಲೆನ್ಸ್ ಇದೆ. ಇದನ್ನು ಕೂರಿಸುವಾಗ ಕಿತ್ತಳೆ ಬಣ್ಣದ ಫ್ಲೋರೆಸಿನ್ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೀಲಿ ಬೆಳಕು ಬಿಡುತ್ತಾರೆ. ಕಣ್ಣೀರು ನಿಂತ ಕಡೆ ಹಸಿರು ಹೊಳೆಯುತ್ತದೆ, ಲೆನ್ಸ್ ತಾಗಿದ ಕಡೆ ಕಪ್ಪಾಗಿರುತ್ತದೆ. ಆ ಹಸಿರು ಕಪ್ಪಿನ ನಕ್ಷೆ ಓದಿ ಮುಂದಿನ ಲೆನ್ಸ್ ಆರಿಸುತ್ತಾರೆ. ಉಬ್ಬು ಇನ್ನೂ ಹೆಚ್ಚಿದ್ದರೆ ಸ್ಕ್ಲೆರಲ್ ಲೆನ್ಸ್. 15ರಿಂದ 20 ಮಿಲಿಮೀಟರ್ ಅಗಲದ ಇದು ಬಿಳಿಗುಡ್ಡೆಯ ಮೇಲೆ ಕೂತು, ಕಾರ್ನಿಯಾವನ್ನು ಮುಟ್ಟದೆ ದಾಟುತ್ತದೆ. ಲೆನ್ಸಿನ ಬಟ್ಟಲಿಗೆ ಪ್ರಿಸರ್ವೇಟಿವ್ ಇಲ್ಲದ ಸಲೈನ್ ತುಂಬಿ, ಮುಖವನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ ಹಾಕಿಕೊಳ್ಳಬೇಕು. ಒಂದು ಗುಳ್ಳೆ ಉಳಿದರೂ ತೆಗೆದು ಮತ್ತೆ ಹಾಕಬೇಕು. ಗಂಟೆಗಳು ಕಳೆದಂತೆ ಲೆನ್ಸ್ ಇಳಿದು ಕೂರುವುದರಿಂದ, ಹಾಕಿದ ಕೂಡಲೇ ಅಲ್ಲದೆ ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಕಾರ್ನಿಯಾ ಕಸಿ ಅನಿವಾರ್ಯ ಎನ್ನಿಸಿದ ಎಷ್ಟೋ ಕಣ್ಣುಗಳಿಗೆ ಈ ಲೆನ್ಸೇ ಸಾಕಾಗಿದೆ. ಕಸಿಯಾದ ಮೇಲೂ ಕೆಲವರಿಗೆ ಇದು ಬೇಕಾಗುತ್ತದೆ.

ಕೊನೆಯ ಪಾಠ ಹಾಕುವುದು, ತೆಗೆಯುವುದು. ಸ್ವಂತ ಕೈಯಿಂದ ತೆಗೆಯಲು ಬರುವ ತನಕ ಲೆನ್ಸ್ ಕೊಟ್ಟು ಕಳಿಸಬಾರದು, ನೀವೂ ತೆಗೆದುಕೊಂಡು ಹೋಗಬೇಡಿ. ನಲ್ಲಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಕುಡಿಯುವ ಆರ್‌ಒ ನೀರಾಗಲಿ ಲೆನ್ಸಿಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬ ಎಂಬ ಜೀವಿ ಕಾರ್ನಿಯಾವನ್ನು ಹಾಳುಮಾಡಬಲ್ಲದು, ಅದರ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಕೈ ತೊಳೆದು ಪೂರ್ತಿ ಒರೆಸಿ, ಸಲ್ಯೂಷನ್ನಿನಲ್ಲಿ ಲೆನ್ಸ್ ಉಜ್ಜಿ, ಹಳೆಯ ಸಲ್ಯೂಷನ್ ಚೆಲ್ಲಿ, ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಿ. ಲೆನ್ಸ್ ಹಾಕಿಕೊಂಡೇ ಮಲಗಬೇಡಿ.

ಮದುವೆ ಮೇಕಪ್ಪಿನಲ್ಲಿ ಬಣ್ಣದ ಲೆನ್ಸ್ ಹಾಕಿಸುವವರಿಗೆ ಒಂದು ಮನವಿ: ಪವರ್ ಇಲ್ಲದ ಲೆನ್ಸೂ ಕಣ್ಣಿನ ಮೇಲೆಯೇ ಕೂರುತ್ತದೆ, ಅದಕ್ಕೂ ಅಳತೆ ಬೇಕು, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕಲೇಬಾರದು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಮನೆಯಲ್ಲಿ ಕಣ್ಣುಜ್ಜುವ ಮಗುವಿದ್ದರೆ ಗದರಿಸಿ ಸುಮ್ಮನಾಗದೆ, ಒಮ್ಮೆ ಕಾರ್ನಿಯಾ ಪರೀಕ್ಷೆ ಮಾಡಿಸಿ.