ಹಳೇ ಜೈಲು, ಹೊಸ ಧರಣಿ

ಮೆಜೆಸ್ಟಿಕ್‌ನಲ್ಲಿ ಆಟೊ ಹತ್ತಿ ‘ಫ್ರೀಡಂ ಪಾರ್ಕ್’ ಎಂದರೆ ವಯಸ್ಸಾದ ಚಾಲಕರು ಕತ್ತು ತಿರುಗಿಸಿ ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತಾರೆ: ‘ಹಳೇ ಜೈಲಾ?’ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದದ್ದು 2000ದಲ್ಲಿ. ಹಳೆಯ ಹೆಸರು ಮಾತ್ರ ಇನ್ನೂ ಇಲ್ಲಿಂದ ಕದಲಿಲ್ಲ.

ಬೆಂಗಳೂರಿನ ಈ ಭಾಗದಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ಶೇಷಾದ್ರಿ ರಸ್ತೆ ಹಿಡಿದು ಕೆ.ಆರ್. ಸರ್ಕಲ್ ದಾಟಿ ಅಂಬೇಡ್ಕರ್ ವೀಧಿಗೆ ಬನ್ನಿ. ವಿಧಾನಸೌಧದ ಎದುರು ಕೆಂಪಗೆ ನಿಂತಿರುವುದು ಹೈಕೋರ್ಟು. ಜನರ ಬಾಯಲ್ಲಿ ಅದು ಅಠಾರಾ ಕಚೇರಿ, ಅಂದರೆ ಹದಿನೆಂಟು ಕಚೇರಿ. ಆ ಹದಿನೆಂಟು ಇಲಾಖೆಗಳು ಅಲ್ಲಿಂದ ಗಂಟುಮೂಟೆ ಕಟ್ಟಿ ಆರು ದಶಕಗಳ ಮೇಲಾಯಿತು.

ಈ ಕಚೇರಿಗಳು ಮನೆ ಬದಲಿಸಿದ ಕಥೆ ಶುರುವಾಗುವುದು ಕೋಟೆಯಲ್ಲಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮಹಾರಾಜರಿಂದ ಕಿತ್ತುಕೊಂಡು ಕಮಿಷನರುಗಳಿಗೆ ಒಪ್ಪಿಸಿದರು. ಆಡಳಿತ ಬೆಂಗಳೂರಿಗೆ ಬಂತು. ಕೂರುವುದೆಲ್ಲಿ? ಟಿಪ್ಪುವಿನ ಬೇಸಿಗೆ ಅರಮನೆ ಇತ್ತಲ್ಲ. 1791ರಲ್ಲಿ ಕಟ್ಟಿ ಮುಗಿಸಿದ ಆ ಮರದ ಅರಮನೆಯ ಕಂಬಗಳ ನಡುವೆ ಗುಮಾಸ್ತರು ಕೂತು 37 ವರ್ಷ ಕಡತ ಬರೆದರು. ಇಲಾಖೆಗಳು ಬೆಳೆದವು, ಅರಮನೆ ಬೆಳೆಯಲಿಲ್ಲ. ಕೊನೆಗೆ ಕಮಿಷನರ್ ಬೌರಿಂಗ್ ಕಾಲದಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಉಸ್ತುವಾರಿಯಲ್ಲಿ, ಎರಡಂತಸ್ತಿನ ಅಠಾರಾ ಕಚೇರಿ ಎದ್ದಿತು. ಮುಗಿದದ್ದು 1868ರಲ್ಲಿ.

1956ರಲ್ಲಿ ಎದುರಿಗೆ ಕೆಂಗಲ್ ಹನುಮಂತಯ್ಯನವರ ವಿಧಾನಸೌಧ ಸಿದ್ಧವಾದಾಗ ಕಡತಗಳು ಮತ್ತೆ ಹೊರಟವು. ಈ ಸಲ ಪಯಣ ರಸ್ತೆ ದಾಟುವಷ್ಟೇ. ಕೆಂಪು ಕಟ್ಟಡ ಹೈಕೋರ್ಟಿನ ಪಾಲಿಗೆ ಉಳಿಯಿತು. 1982ರಲ್ಲಿ ಅದನ್ನೇ ಕೆಡವುವ ಪ್ರಸ್ತಾಪ ಬಂತು. ವಿರೋಧಿಸಿದವರು ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ಅಲ್ಲಿಗೇ! ಕಟ್ಟಡದ ಅಳಿವು ಉಳಿವಿನ ವಾದ ಅದರ ಗೋಡೆಗಳ ನಡುವೆಯೇ ನಡೆಯಿತು. ಸದ್ಯ, ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಆ ಜೈಲೇ. ಅಠಾರಾ ಕಚೇರಿ ಮುಗಿಯುವ ಮೊದಲೇ, 1867ರಲ್ಲಿ, ಅದು ಸಿದ್ಧವಾಗಿತ್ತು. ನಡುವೆ ಕಾವಲು ಗೋಪುರ, ಸುತ್ತ ಬ್ಯಾರಕ್‌ಗಳು. ಒಬ್ಬ ಕಾವಲುಗಾರ ಮೇಲೆ ನಿಂತು ಕತ್ತು ತಿರುಗಿಸಿದರೆ ಸಾಕು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ತುರ್ತುಪರಿಸ್ಥಿತಿ ಘೋಷಣೆಯಾದ ಮರುದಿನ ಬಂಧಿತರಾಗಿ ಸೇರಿದ್ದು ಈ ಜೈಲನ್ನು. ಅವರ ಹೆಸರು ಎಲ್ಲರಿಗೂ ನೆನಪಿದೆ. ‘ಸಂಸ್ಕಾರ’ ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿ ಅಷ್ಟಾಗಿ ನೆನಪಾಗುವುದಿಲ್ಲ. ಅಸ್ತಮಾ ಇದ್ದ ಆಕೆ ತಿಂಗಳುಗಟ್ಟಲೆ ಇಲ್ಲಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದರು. ಮನೆಗೆ ಬಂದ ಕೆಲವೇ ದಿನಕ್ಕೆ, ಜನವರಿ 20ರಂದು, ತೀರಿಕೊಂಡರು.

2008ರಲ್ಲಿ ಜೈಲು ಪಾರ್ಕಾಯಿತು. ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡರು, ಧರಣಿ ಕೂರುವವರಿಗೂ ಒಂದು ಜಾಗ ಬಿಟ್ಟರು. ಆಗಿನ್ನೂ ಧರಣಿಗೆ ಟೌನ್‌ಹಾಲ್ ಇತ್ತು, ಮೈಸೂರು ಬ್ಯಾಂಕ್ ಸರ್ಕಲ್ ಇತ್ತು, ಗಾಂಧಿ ಪ್ರತಿಮೆ ಇತ್ತು. ಟ್ರಾಫಿಕ್ಕಿಗೆ ತೊಂದರೆ ಎಂದು 2021ರಲ್ಲಿ ಪೊಲೀಸ್ ಆದೇಶ ಬಂತು: ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಮರುವರ್ಷ ಹೈಕೋರ್ಟೂ ಅದನ್ನೇ ಹೇಳಿತು, ಅಠಾರಾ ಕಚೇರಿಯಲ್ಲಿ ಕೂತು. ಟ್ರಾಫಿಕ್ಕಿನ ಗೋಳು ನನಗೂ ಗೊತ್ತು, ಆಂಬುಲೆನ್ಸ್ ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಸರ್ಕಾರವನ್ನು ಬೈದವರನ್ನು ಕೂಡಿಹಾಕುತ್ತಿದ್ದ ಆವರಣಕ್ಕೇ ಸರ್ಕಾರವನ್ನು ಬೈಯಲು ಬರುವವರನ್ನು ಕಳಿಸುವುದೆಂದರೆ! ಕಟ್ಟಡದ ಕೆಲಸ ನಿಜವಾಗಿ ಎಷ್ಟು ಬದಲಾಯಿತು?

ಅಂದಹಾಗೆ, ಜೈಲಿಗೆ ಹೊಸ ಕೆಲಸ ಹಚ್ಚುವುದು ಈ ಊರಿಗೆ ಹೊಸತಲ್ಲ. 1860ರ ದಶಕದಲ್ಲಿ ಸರ್ಕಾರಿ ಮ್ಯೂಸಿಯಂ ಶುರುವಾದದ್ದು ದಂಡಿನ ಜೈಲು ಕಟ್ಟಡದಲ್ಲಿ. ಮುಂದೆ ಅದು ಕಬ್ಬನ್ ಪಾರ್ಕಿನ ಅಂಚಿಗೆ ಬಂತು. ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಹುಡುಕಿ ಸುಸ್ತಾದವರಿಗೆ ಉತ್ತರ ಇದು.

ಮೊನ್ನೆ ಹನ್ನೊಂದರ ಬಿಸಿಲಿನಲ್ಲಿ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಗೇಟಿನ ಹೊರಗೆ ಸೌತೆಕಾಯಿ ಸೀಳಿ ಖಾರ ಉಪ್ಪು ಸವರುವ ಗಾಡಿ, ಅದರ ಪಕ್ಕ ಪೊಲೀಸ್ ವ್ಯಾನು. ಶಾಮಿಯಾನದಡಿ ಒಂದೇ ಬಣ್ಣದ ಸೀರೆಯುಟ್ಟ ಹೆಂಗಸರು ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಒರಗಿದ್ದರು. ದೂರದ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು. ಮೈಕಿನ ಮುಂದಿದ್ದಾಕೆ ಗೌರವಧನದ ಲೆಕ್ಕ ಬಿಡಿಸಿ ಹೇಳುತ್ತಿದ್ದರು. ಒಳಗೆ ಕಾವಲು ಗೋಪುರದ ಬುಡಕ್ಕೆ ಬಂದರೆ ಆ ದನಿ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಗೋಪುರದ ನೆರಳಲ್ಲಿ ಕಾಲೇಜು ಹುಡುಗರಿಬ್ಬರು ಟಿಫಿನ್ ಬಾಕ್ಸ್ ಬಿಚ್ಚಿದ್ದರು. ‘ಏನಂತೆ ಅವರಿಗೆ?’ ಎಂದು ಒಬ್ಬ ಕೇಳಿದ. ಇನ್ನೊಬ್ಬ ಚಿತ್ರಾನ್ನ ಅಗಿಯುತ್ತಲೇ ಸಂಬಳ ಅನ್ನುವಂತೆ ಬೆರಳು ಉಜ್ಜಿ ತೋರಿಸಿದ.