ಹೊರಬಾಗಿಲಿಗೆ ಅಂಟಿಸಿದ ಸಮನ್ಸ್

ಪ್ರತಿವಾದಿ ಮನೆಯಲ್ಲಿಲ್ಲ. ಅವನ ಪರವಾಗಿ ಸಮನ್ಸ್ ಪಡೆಯುವವರೂ ಇಲ್ಲ. ಆಗ ಬೇಲಿಫ್ ಅದರ ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸಿ, ಮೂಲ ಪ್ರತಿಯ ಮೇಲೆ ಷರಾ ಬರೆದು ನ್ಯಾಯಾಲಯಕ್ಕೆ ಮರಳಿಸುತ್ತಾನೆ. ಮನೆಯನ್ನು ಗುರುತಿಸಿದವರು ಯಾರು, ಯಾರ ಸಮಕ್ಷಮದಲ್ಲಿ ಅಂಟಿಸಿದ್ದು ಎಂಬುದು ಆ ಷರಾದಲ್ಲಿ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 17ನೇ ನಿಯಮ ಹೇಳುತ್ತದೆ. ಮನೆ ಬೇರೆ ಯಾರದ್ದೋ ಆಗಿದ್ದರೆ, ಪ್ರತಿವಾದಿ ಊರು ಬಿಟ್ಟು ವರ್ಷಗಳಾಗಿದ್ದರೆ, ಕೋರ್ಟಿನಲ್ಲಿ ಹೆಸರು ಕೂಗಿದಾಗ ಓಗೊಡುವವರಿರುವುದಿಲ್ಲ. ವಾದಿಯ ಮಾತೊಂದನ್ನೇ ಕೇಳಿ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅಂಥ ಡಿಕ್ರಿಯನ್ನು ರದ್ದುಪಡಿಸುವ 9ನೇ ಆದೇಶದ 13ನೇ ನಿಯಮವನ್ನು ಗೈರುಹಾಜರಾದವನಿಗೆ ತೋರುವ ಕರುಣೆ ಎಂದು ಭಾವಿಸುವವರಿದ್ದಾರೆ. ಅದು ಬೆಳೆದುಬಂದ ದಾರಿಯನ್ನು ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತದೆ: ಇನ್ನೊಂದು ಕಡೆಯವರನ್ನು ಕೇಳದೆ ತಾನು ಮಾಡಿದ ತಪ್ಪನ್ನು ನ್ಯಾಯಾಲಯ ತಾನೇ ತಿದ್ದಿಕೊಳ್ಳುವ ಹೊಣೆ ಅದು.

1859ರ ಸಂಹಿತೆಯ 119ನೇ ಕಲಮಿನಲ್ಲೇ ಇದರ ಬೇರಿದೆ. ಏಕಪಕ್ಷೀಯ ತೀರ್ಪಿನ ಮೇಲೆ ಆಗ ಅಪೀಲು ಇರಲಿಲ್ಲ. ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಿತ್ತು. ಅದಕ್ಕಿದ್ದ 30 ದಿನಗಳ ಗಡುವು ಆರಂಭವಾಗುತ್ತಿದ್ದುದು ಡಿಕ್ರಿಯ ಅಮಲ್ಜಾರಿ ನಡೆದಾಗ. ಜಪ್ತಿಗೆ ಬಂದ ಅಮೀನನನ್ನು ಕಂಡೇ ಎಷ್ಟೋ ಜನರಿಗೆ ದಾವೆಯ ಸುದ್ದಿ ತಿಳಿಯುತ್ತದೆಂಬುದನ್ನು ಕಾನೂನು ಬಲ್ಲದಾಗಿತ್ತು. 1908ರ ಸಂಹಿತೆಯಲ್ಲಿ ಇದು ಇಂದಿನ ನಿಯಮವಾಯಿತು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ ಎನ್ನುತ್ತದೆ 1963ರ ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದ. ಬದಲಿ ವಿಧಾನದ ಜಾರಿಯನ್ನು ಇಲ್ಲಿ ಸರಿಯಾದ ಜಾರಿ ಎಂದು ಎಣಿಸುವಂತಿಲ್ಲ ಎಂದೂ ಅದೇ ಅನುಚ್ಛೇದ ಬಿಡಿಸಿ ಹೇಳುತ್ತದೆ. ಒಟ್ಟಿನಲ್ಲಿ, ಕಾಗದದ ಮೇಲಿನ ಜಾರಿಗಿಂತ ಮನುಷ್ಯನಿಗೆ ನಿಜವಾಗಿ ತಿಳಿಯಿತೇ ಎಂಬುದೇ ಮುಖ್ಯವಾಗುತ್ತ ಬಂತು. 1955ರ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇದಕ್ಕೆ ತಾತ್ವಿಕ ನೆಲೆ ಕೊಟ್ಟರು. ಪ್ರಕ್ರಿಯೆಯ ನಿಯಮಗಳಿರುವುದು ನ್ಯಾಯ ನೀಡಲು, ಜನರನ್ನು ದಂಡಿಸಲು ಅಲ್ಲ ಎಂಬುದು ಅವರ ನಿಲುವು.

ಹಾಗಾದರೆ ವಾದಿಯ ಗತಿಯೇನು? ಬೇಕೆಂದೇ ಸಮನ್ಸ್ ತಪ್ಪಿಸಿಕೊಂಡು ತಿರುಗಿದವನಿಗೂ ಈ ಬಾಗಿಲು ತೆರೆಯಬೇಕೇ? ಡಿಕ್ರಿಗಾಗಿ ವರ್ಷಗಟ್ಟಲೆ ಅಲೆದವನ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1976ರ ತಿದ್ದುಪಡಿ ಇದಕ್ಕೇ ಉತ್ತರ. ವಾಯಿದೆಯ ದಿನ ಪ್ರತಿವಾದಿಗೆ ಗೊತ್ತಿತ್ತು, ಹಾಜರಾಗಲು ಸಮಯವೂ ಇತ್ತು ಎಂದು ಮನವರಿಕೆಯಾದರೆ, ಜಾರಿಯಲ್ಲಿನ ಲೋಪವೊಂದನ್ನೇ ಹಿಡಿದು ಡಿಕ್ರಿ ರದ್ದುಮಾಡುವಂತಿಲ್ಲ. ಜೊತೆಗೆ, ವಾದಿಗೆ ನೋಟಿಸು ಕೊಡದೆ ಯಾವ ಡಿಕ್ರಿಯೂ ರದ್ದಾಗದು. ಖರ್ಚು ಕಟ್ಟಿಸುವ, ಹಣ ಠೇವಣಿ ಇಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಡಿಕ್ರಿ ರದ್ದಾದರೆ ಪ್ರತಿವಾದಿ ಗೆದ್ದಂತಲ್ಲ, ದಾವೆ ಮತ್ತೆ ವಿಚಾರಣೆಗೆ ಬರುತ್ತದೆ ಅಷ್ಟೆ. ವಾದಿಯ ಹಕ್ಕು ನಿಜವಾದದ್ದೇ ಆಗಿದ್ದರೆ ಎದುರಾಳಿಯ ಮುಂದೆಯೂ ಅದು ನಿಲ್ಲುತ್ತದೆ.

ವಿಳಂಬ ತಪ್ಪಬೇಕಾದರೆ ರದ್ದತಿಯ ಬಾಗಿಲನ್ನು ಕಿರಿದು ಮಾಡುವುದು ದಾರಿಯಲ್ಲ. ಬೇಲಿಫನ ವರದಿಯನ್ನು ಪರಿಶೀಲಿಸಿ, ಸಮನ್ಸ್ ಸರಿಯಾಗಿ ಜಾರಿಯಾಗಿದೆ ಎಂದು ಘೋಷಿಸುವ ಕೆಲಸವನ್ನು 5ನೇ ಆದೇಶದ 19ನೇ ನಿಯಮ ನ್ಯಾಯಾಧೀಶರಿಗೇ ವಹಿಸಿದೆ. ಮನೆ ಗುರುತಿಸಿದವರ ಹೆಸರು ಷರಾದಲ್ಲಿ ಇದೆಯೇ ಎಂದು ಅಂದೇ ಕಣ್ಣಿಟ್ಟು ನೋಡಿದರೆ, ವರ್ಷಗಳ ಮೇಲೆ ಅದೇ ಕಡತವನ್ನು ಮತ್ತೆ ಬಿಚ್ಚುವ ಪ್ರಸಂಗ ಬಹುಪಾಲು ತಪ್ಪೀತು.